ಗಾಡಿಮನಿಗೆ ಕರೆಂಟ್ ಕೊಡೂದು

ನಿಂತ ಮನಿಗೆ ಕರೆಂಟ್ ತಗೊಂಡವರು ಒಮ್ಮೆ ಹಾಕಿಸಿ ಸುಮ್ಮನಿರ್ತಾರ. ನಮ್ಮದು ಗಾಲಿ ಇದ್ದ ಮನಿ, ಹಂಗಾಗಿ ಊರಿಗೊಂದು ಫಜೀತಿ ಆಗ್ತಾನ ಇರ್ತದ.

ನಮ್ಮ ಮನಿಯವರದು ವಿಜಯಪುರದಾಗ ಸಿದ್ಧೇಶ್ವರ ಗುಡಿ ಹತ್ತರ ಅರಿಬಿ ಅಂಗಡಿ. ಅದನ್ನ ಮೈದುನನ ಕೊರಳಿಗೆ ಕಟ್ಟಿ, ಒಂದು ಹಳೇ ಟೆಂಪೋ ತಂದು, ಒಳಗ ಮಂಚ, ಫ್ಯಾನು, ಸಣ್ಣ ಫ್ರಿಜ್ಜು, ಕರೆಂಟ್ ಒಲಿ ಎಲ್ಲಾ ಕೂಡಿಸಿದ್ರು. ಎಲ್ಲಿ ನಿಲ್ಲಿಸ್ತೀವಿ ಅಲ್ಲಿ ಯಾರದರೆ ಮನಿಯಿಂದ ವಾಯರ್ ಎಳದು ಕರೆಂಟ್ ತಗೊಳ್ಳೂದು. ನನಗಿದ್ದದ್ದು ಒಂದ ಆಸೆ, ಸಮುದ್ರ ನೋಡಬೇಕು. ಹುಟ್ಟಿದ್ದು ತಿಕೋಟಾ, ಕೊಟ್ಟದ್ದು ವಿಜಯಪುರ. ನೀರಂದ್ರ ನನಗ ನಳ ಮತ್ತ ಟ್ಯಾಂಕರ್ ಅಷ್ಟ. ಆದ್ರ ಅತ್ತಿ ಬರ್ಲಿಲ್ಲಂದ್ರ ಅವರ ಮಗ ಊರ ಅಗಸಿ ದಾಟಂಗಿಲ್ಲ. ಅತ್ತಿ ಮೊದಲ ದಿನಾನ ಹೇಳಿಬಿಟ್ಟಿದ್ರು: "ಈ ತಗಡಿನ ಡಬ್ಬ್ಯಾಗ ಒಮ್ಮೆ ನನಗ ಕರೆಂಟ್ ಹೊಡೀತಂದ್ರ ಮುಗೀತು. ಗೋಕರ್ಣ ಗೀಕರ್ಣ ಎಲ್ಲಾ ಮನ್ಯಾಗ ಕುಂತ ನೆನಸ್ತೀನಿ."

ಅದಕ್ಕ, ಗೋಕರ್ಣಕ್ಕ ಹೋಗೂ ಮೊದಲು ಹತ್ತರದ ಊರಾಗ ರೂಢಿ ಮಾಡ್ಕೊಳ್ಳೂಣು ಅಂತ ಆತು.

ಬೆಚ್ಚನ ವಾಯರ್

ಮೊದಲ ಪ್ರಯೋಗ ನಮ್ಮ ಬಾಗಲ ಮುಂದ. ವಾಯರ್‌ಮನ್ ಬಂದು, "ಸಾವಕಾರ್ರ, ಈ ಉದ್ದನ ವಾಯರ್ ಪೂರಾ ಬಿಚ್ಚಿ ಹಾಸ್ರಿ. ಸುತ್ತಿದ್ದು ಹಂಗ ಇಟ್ಟು ಒಲಿ ಹಚ್ಚಿದ್ರ ಕಾಯ್ತದ" ಅಂತ ಹೇಳಿ ಹೋದ. ಇವರದು ಜೀವಮಾನ ಎಲ್ಲಾ ಅರಿಬಿ ತಾನು ಸುತ್ತಿದ ಕೈ. ಬೇಕಾದಷ್ಟು ಬಿಚ್ಚಿ, ಉಳಿದದ್ದನ್ನ ಒತ್ತಿ ಸುತ್ತಿ ಇಟ್ಟು, "ನೋಡು, ಹೆಂಗ ನೀಟಾಗಿ ಕಾಣ್ತದ" ಅಂದ್ರು.

ನಾ ಒಳಗ ಒಲಿ ಮ್ಯಾಲ ಬ್ಯಾಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟ ವಾಸನಿ. ಹೊರಗ ಬಂದು ನೋಡ್ತೀನಿ, ವಾಯರ್ ಸುರುಳಿ ಮ್ಯಾಲ ತಾಟು, ತಾಟಿನ್ಯಾಗ ಸಂಡಿಗಿ! ಗಾಬರಿಯಾಗಿ ಓಡಿ ಹೋಗಿ ಪ್ಲಗ್ ಕಿತ್ತೆ.

ಅತ್ತಿ ಬೈಕೋತ ಬಂದ್ರು: "ಯಾಕ ತಗದೀ? ಮೋಡ ಆಗೈತಿ, ಇನ್ನೊಂದು ತಾಟು ಒಣಗೂದಿತ್ತು!"

ದಂಟಿನ ಆಸರಿ

ಆಮ್ಯಾಲ ಹೊನವಾಡಕ್ಕ ಹೋದ್ವಿ. ಅಲ್ಲಿ ಅತ್ತಿಯ ತಮ್ಮನ ದ್ರಾಕ್ಷಿ ತ್ವಾಟ ಐತಿ. ನಮ್ಮ ಗಾಡ್ಯಾಗ ಒಂದು ಸ್ವಿಚ್ ಐತಿ, ಎಲ್ಲೆರೆ ಕರೆಂಟ್ ಸೋರಿದ್ರ ತಾನ ಬಿದ್ದು ಜೀವ ಉಳಸ್ತದ. ನಾ ಮಿಕ್ಸರ್ ಹಚ್ಚಿದ ಕೂಡ್ಲೆ ಅದು ಟಪ್ ಅಂತ ಬಿತ್ತು. ಎತ್ತಿದ್ರ ಮತ್ತ ಬಿತ್ತು.

ತ್ವಾಟದ ಮಾವಾರು ಬಗ್ಗಿ ನೋಡಿ, "ಇದಕ್ಕ ಶಕ್ತಿ ಸಾಲವಲ್ದು" ಅಂದ್ರು. ದನದ ಮುಂದಿನ ಜ್ವಾಳದ ದಂಟು ಮುರದು ತಂದು, ಜೋತು ಬಿದ್ದ ಬಳ್ಳಿಗೆ ಕೊಟ್ಟಂಗ ಸ್ವಿಚ್ಚಿನ ಬುಡಕ್ಕ ಆಸರಿ ಕೊಟ್ರು. ಸ್ವಿಚ್ ನೆಟ್ಟಗ ನಿಂತಿತು. ಕರೆಂಟ್ ಮಾತ್ರ ಇಲ್ಲ! ಅದು ಒಳಗಿಂದೊಳಗ ಬೀಳ್ತದಂತ, ಹೊರಗ ಎಷ್ಟು ಆನಿಸಿದ್ರೂ ಕೇಳಂಗಿಲ್ಲ.

"ಮಾವಾರ, ಮಿಕ್ಸರ್ ವಾಯರ್ ಹರದೈತ್ರಿ, ಅದಕ್ಕ ಬೀಳಾಕತ್ತೈತಿ" ಅಂದೆ.

"ತವರುಮನಿಯವರು ಕೊಟ್ಟ ಮಿಕ್ಸರ್ ಏನು?"

"ಹೌದ್ರಿ."

"ಮತ್ತ ಸ್ವಿಚ್ಚಿಂದೇನೂ ತಪ್ಪಿಲ್ಲ ಬಿಡು" ಅಂದು ದಂಟು ತಗದು ದನಕ್ಕ ಹಾಕಿದ್ರು.

ನೀರು ಬೇಡೋ ಸ್ವಾಮಿ

ಕಡೀಕ ಜೈನಾಪುರ, ನಮ್ಮ ನಾದಿನಿ ಮನಿ. ಅಲ್ಲಿಂದ ಕರೆಂಟ್ ತಗೊಂಡ್ವಿ. ಅತ್ತಿ ಬರಿಗಾಲಿಲೆ ಬಂದು ಗಾಡಿ ಬಾಗಲ ಹಿಡಿದವರ, "ಯಪ್ಪಾ! ಜುಮ್ ಅಂತು!" ಅಂತ ಚೀರಿದ್ರು. "ನನ್ನ ಗಂಟು ಇಳಸ್ರಿ. ನಾ ಒಲ್ಲೆ!" ನನ್ನ ಸಮುದ್ರ ಅಲ್ಲೇ ಇಂಗಿ ಹೋತು. ಖರೇನ ಅಳು ಬಂತು.

ಬಬಲೇಶ್ವರದಿಂದ ವಾಯರ್‌ಮನ್ ಬಂದ. "ಸೋರೂದು ಸ್ವಲ್ಪ, ಅದಕ್ಕ ಸ್ವಿಚ್ ಬಿದ್ದಿಲ್ಲ. ಆದ್ರ ಈ ಮನಿಗೆ ಅರ್ಥಿಂಗ್ ಇಲ್ರಿ, ಕರೆಂಟ್ ನೆಲಕ್ಕ ಇಳಿಯಾಕ ದಾರಿ ಇಲ್ಲ" ಅಂದು, ಗಾಡಿ ಬಾಜೂಕ ಉದ್ದನ ರಾಡ್ ಬಡದು, ವಾಯರ್ ಕಟ್ಟಿ, ನೀರು ಹಾಕಿ ಚೆಕ್ ಮಾಡಿದ. ಜುಮ್ ಅನ್ನೂದು ನಿಂತಿತು. "ನೆಲಾ ಒಣಗಗೊಡಬ್ಯಾಡ್ರಿ" ಅಂತ ಹೇಳಿ ಹೋದ. "ಏನೋ ಇದು?" ಅಂತ ಅತ್ತಿ ಕೇಳಿದ್ರ ನಮ್ಮ ಮನಿಯವರು ಅವಸರದಾಗ, "ಯವ್ವಾ, ದಿನಾ ಇದಕ್ಕ ನೀರು ಹಾಕು, ನಮ್ಮನ್ನ ಕಾಯ್ತದ" ಅಂದುಬಿಟ್ರು.

ಹಂಗ ಹೇಳಬಾರದಿತ್ತು. ಮರುದಿನ ಅತ್ತಿ ಜಳಕಾ ಮಾಡಿ, ಮಡೀಲೆ ನೀರು ಹಾಕಿ, ರಾಡಿಗೆ ವಿಭೂತಿ ಹಚ್ಚಿ, ಹೂವು ಇಟ್ರು. "ಸ್ವಾಮಿ ಕಾಯ್ತಾನ, ಗೋಕರ್ಣಕ್ಕ ಬರ್ತೀನಿ" ಅಂದ್ರು. ವಾರ ತುಂಬೂದರಾಗ ಓಣಿ ಹೆಣ್ಣಮಕ್ಕಳೆಲ್ಲಾ ತಂಬಗಿ ಹಿಡಕೊಂಡು ಬರಾಕ ಹತ್ತಿದ್ರು. ಅದರಾಗ ಒಬ್ಬಾಕಿ ಕಳಕೊಂಡ ಎಮ್ಮಿ ತಿರುಗಿ ಮನಿಗೆ ಬಂತು. ಮುಗೀತಲ್ಲ, ಕಾಯಿ ಒಡದ್ರು.

ಗೋಕರ್ಣಕ್ಕ ಹೊರಡೋ ದಿನ ನಮ್ಮ ಮನಿಯವರು ರಾಡ್ ಕೀಳಾಕ ಬಗ್ಗಿದ್ರ, ಎಮ್ಮಿಯಾಕಿ ಅಡ್ಡ ನಿಂತಳು. "ಏ ಅಣ್ಣಾ, ನೀವು ಬೇಕಾದ್ರ ಹೋಗ್ರಿ, ಸ್ವಾಮಿ ಇಲ್ಲೇ ಇರ್ಲಿ!"

ಅತ್ತಿ ಕಟ್ಟಿ ಮ್ಯಾಲ ಕುಂತುಬಿಟ್ರು. "ಸ್ವಾಮಿ ಬರ್ಲಿಲ್ಲಂದ್ರ ನಾನೂ ಬರಂಗಿಲ್ಲ."

ನನ್ನ ತಲಿ ಕೆಟ್ಟು ಮಸರಾತು. "ಅತ್ತೀ, ಏಳ್ರಿ. ಈ ಸ್ವಾಮಿಯ ತಮ್ಮ ಬಬಲೇಶ್ವರದಾಗ ಹಾರ್ಡ್‌ವೇರ್ ಅಂಗಡ್ಯಾಗ ಅದಾನ, ಕರಕೊಂಡು ಹೋಗೂಣು!"

ಅಂಗಡಿ ಮೂಲ್ಯಾಗ ರಾಡಿನ ಒಂದು ದೊಡ್ಡ ಹೊರೀನ ನಿಂತಿತ್ತು. ಅತ್ತಿ ಚಪ್ಪಲಿ ಬಿಟ್ಟು ಕೈ ಮುಗದ್ರು. "ಯಾವುದು ಕೊಡ್ಲಿ, ಆಯಿ?" ಅಂದ ಅಂಗಡಿಯವ.

"ನಾ ಹೆಂಗ ಹೇಳ್ಲಿ ಯಪ್ಪಾ. ಯಾರು ಬರ್ತೀನಿ ಅಂತಾರ, ಅವರನ್ನ ಕಳಸು."

ಅಂತೂ ಇಂತೂ ಸಮುದ್ರ ನೋಡ್ದೆ. ಮೊಣಕಾಲ ಮಟಾ ನೀರಾಗ ನಿಂತೆ. ಎಷ್ಟು ನೀರು! ಕಣ್ಣು ತುಂಬಿ ಬಂತು.

ಹಿಂದಿಂದ ಅತ್ತಿ ಖಾಲಿ ಕೊಡ ಹಿಡಕೊಂಡು ಒದರಾಕತ್ತಿದ್ರು: "ಏನ್ ನೋಡ್ಕೋತ ನಿಂತೀ ಅಲ್ಲಿ? ಲಗೂನ ಒಂದು ಕೊಡ ತುಂಬಿಕೊಂಡು ಬಾ, ಸ್ವಾಮಿ ಒಣಗಾಕತ್ತಾನ!"