ಹೌದೆಂದವನಿಗೆ ಮಾತ್ರೆ ಇಲ್ಲವೆಂದ ಸಲಹಾಯಂತ್ರಕ್ಕೆ

ಥಾಯ್ಲೆಂಡಿನ ತ್ರಾಂಗ್ ಪಟ್ಟಣದ ಮೀನು ಮಾರುಕಟ್ಟೆಯ ಪಕ್ಕದ ಚಿಕಿತ್ಸಾಲಯದಲ್ಲಿ ಡಾಕ್ಟರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ವಿರಾಜಮಾನರಾಗಿರುವ ಸಲಹಾಯಂತ್ರ ಮಹಾಶಯರಿಗೆ, ಅದೇ ಬೀದಿಯ ಕ್ಷೌರಿಕ ಸೊಂಪೋಪ್ ಕತ್ತರಿ ಕೆಳಗಿಟ್ಟು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಎಚ್‌ಐವಿ ತಗಲದಂತೆ ಮುಂಚೆಯೇ ನುಂಗುವ ಮಾತ್ರೆಯನ್ನು ಯಾರಿಗೆ ಬರೆಯಬೇಕು, ಯಾರಿಗೆ ಬರೆಯಬಾರದು ಎಂದು ಡಾಕ್ಟರಿಗೆ ತಿಳಿಸಲು ತಾವು ಅವತರಿಸಿದ್ದೀರಿ ಎಂದು ಕೇಳಿ ಧನ್ಯನಾದೆ. ನನ್ನ ರಕ್ತದಲ್ಲಿ ಆ ವೈರಸ್ ಇದೆ, ಚಿಕಿತ್ಸೆ ಈಚೆಗಷ್ಟೇ ಶುರುವಾಗಿದೆ. ಅದು ಹಿಡಿತಕ್ಕೆ ಬರುವವರೆಗೆ ನನ್ನ ಜೊತೆ ಬಾಳುತ್ತಿರುವ ಸನಿತ್‌ಗೆ ಆ ಮಾತ್ರೆ ಬೇಕೆಂದು ನಾನೇ ಅವನನ್ನು ತಮ್ಮ ಸನ್ನಿಧಿಗೆ ಅಟ್ಟಿದೆ.

ಸನಿತ್ ಹಂದಿಮಾಂಸ ಸುಟ್ಟು ಮಾರುವುದರಲ್ಲಿ ನಿಸ್ಸೀಮ, ದೊಡ್ಡವರೆದುರು ಮಾತ್ರ ಬೆಕ್ಕಿನ ಮರಿ. ಡಾಕ್ಟರು ತಮ್ಮ ಪರದೆಯಿಂದ ಕಣ್ಣು ಕೀಳದೆ ಒಂದೊಂದೇ ಪ್ರಶ್ನೆ ಓದಿದರಂತೆ, ಇವನು ಕೈಮುಗಿದು ಎಲ್ಲಕ್ಕೂ ಹೌದೆಂದನಂತೆ. ಕಿಡ್ನಿ ಕಾಯಿಲೆ ಇದೆಯೇ, ಹೌದು. ಬಸುರಿಯೇ, ಅದಕ್ಕೂ ಹೌದು! ಮೀಸೆ ಹೊತ್ತ ಆ ಗರ್ಭವತಿಯನ್ನು ತಾವು ಕಿಂಚಿತ್ತೂ ಸಂದೇಹಿಸದೆ ಒಪ್ಪಿಕೊಂಡ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕಿಡ್ನಿ ಕೆಟ್ಟಿದೆಯೆಂದು ಮಾತ್ರೆ ಬೇಡವೆಂದಿರಿ. ಡಾಕ್ಟರು ರಕ್ತ ಪರೀಕ್ಷೆಯನ್ನೂ ಮಾಡಿಸಲಿಲ್ಲ. ತಮ್ಮ ಮಾತು ಮೀರಲು ಅವರಿಗೂ ಸಂಕೋಚವಿರಬೇಕು, ಪಾಪ. ಸನಿತ್ ಬಸುರಿಯರ ಪಥ್ಯದ ಚೀಟಿ ಹಿಡಿದು ಮನೆಗೆ ಬಂದ.

"ನಿನ್ನ ಕಿಡ್ನಿಗೇನಾಗಿದೆಯೋ ಕತ್ತೆ?" ಎಂದು ನಾನು ಕೂಗಾಡಿದರೆ, "ಚೆನ್ನಾಗೇ ಇದೆ. ಅಷ್ಟು ಓದಿದವ್ರು ಕೇಳ್ತಿದ್ರೆ ಇಲ್ಲ ಅಂತ ಅವ್ರ ಮುಖ ಸಣ್ಣದು ಮಾಡೋದು ಹೆಂಗೆ?" ಎನ್ನುತ್ತಾನೆ. ಅಂದಿನಿಂದ ನಾನು ಅಂಗಡಿಯ ಕುರ್ಚಿಯಲ್ಲಿ ಮಲಗುತ್ತಿದ್ದೇನೆ, ಅವನು ಮಹಡಿಯಲ್ಲಿ. ನನಗೆ ಹೆದರಿಕೆ, ಸ್ವಾಮಿ. ಅವನಿಗೆ ನನ್ನಿಂದ ಏನಾದರೂ ಆದರೆ ಈ ಕೈಯಲ್ಲಿ ಮತ್ತೆ ಕತ್ತರಿ ಹಿಡಿಯಲಾರೆ.

ಆದಕಾರಣ ತಾವು ದಯಮಾಡಿ ಒಂದು ಜೊತೆ ಕಣ್ಣು ಬೆಳೆಸಿಕೊಳ್ಳಬೇಕು; ಬೆಳಿಗ್ಗೆ ಸನಿತನ ಅಂಗಡಿಗೆ ಬಂದು, ಗಿರಾಕಿ ಬಾಯಲ್ಲಿ ಚೆನ್ನಾಗಿದೆ ಎಂದರೂ ತಟ್ಟೆಯಲ್ಲಿ ಏನು ಬಿಟ್ಟಿದ್ದಾನೆಂದು ನೋಡುವ ವಿದ್ಯೆ ಕಲಿಯಬೇಕು; ಅದು ಕೈಗೂಡದಿದ್ದರೆ, ಒಂದು ಸಲ ಕುರ್ಚಿ ತಿರುಗಿಸಿ ಎದುರಿಗಿರುವವನ ಮುಖ ನೋಡಿ ಎಂದಾದರೂ ಡಾಕ್ಟರಿಗೆ ಸಲಹೆ ಕೊಡಬೇಕು.

ತಾವು ಕೇಳದ ಪ್ರಶ್ನೆಯೊಂದನ್ನು ನಿನ್ನೆ ನಾನೇ ಕೇಳಿದೆ. ಇಷ್ಟೆಲ್ಲ ಆಯಿತಲ್ಲ, ನನ್ನನ್ನು ಬಿಟ್ಟು ಹೋಗುತ್ತೀಯಾ ಎಂದೆ. "ಇಲ್ಲ" ಎಂದ. ಕೇಳಿದ ಪ್ರಶ್ನೆಗೆ ಅವನ ಬಾಯಲ್ಲಿ ಆ ಉತ್ತರ ನಾನು ಕೇಳಿದ್ದು ಅದೇ ಮೊದಲು. ನಾಳೆ ಅವನ ಜೊತೆ ನಾನೂ ತಮ್ಮ ಸನ್ನಿಧಿಗೆ ಬರುತ್ತೇನೆ.

ತಮ್ಮ ವಿಶ್ವಾಸಿ, ತಲೆ ಮುಟ್ಟಿಯೇ ಕೂದಲು ಕತ್ತರಿಸುವ,
ಸೊಂಪೋಪ್

ಮರೆತ ಮಾತು: ಕೊನೆಗೆ ತಾವು "ನನ್ನ ಸಲಹೆಯಿಂದ ಉಪಯೋಗವಾಯಿತೇ?" ಎಂದು ಕೇಳಿದಿರಂತೆ. ಸನಿತ್ ಅದಕ್ಕೂ ಹೌದೆಂದಿದ್ದಾನೆ. ದಯವಿಟ್ಟು ಹಿಗ್ಗಬೇಡಿ.