ಮಾವನ ಉಕ್ಕು, ನನ್ನ ಬೆಂಕಿ

ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನ ಮಾವ ಗಾವಿ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನನಗೇನು ಹೆಸರಿಲ್ಲವೇ? ಲೋರೆನ್ಸ್ ಅಂತ ಚೆಂದದ ಹೆಸರಿದೆ. ದಕ್ಷಿಣ ಆಫ್ರಿಕಾದ ಕರೂ ಬಯಲಿನ ನಮ್ಮೂರಲ್ಲಿ ನಾಯಿಗಳಿಗೂ ಆ ಹೆಸರು ಗೊತ್ತು. ಗಾವಿ ಮಾವ ಮಾತ್ರ 'ಮೇಷ್ಟ್ರು' ಅನ್ನುತ್ತಾರೆ. ನಾನು ಭೂಗೋಳದ ಮೇಷ್ಟ್ರು, ನಿಜ. ಆದರೆ ಜೀವಮಾನವೆಲ್ಲ ಕುರಿ ಸಾಕಿದ ಆ ಮನುಷ್ಯನ ಬಾಯಲ್ಲಿ ಆ ಪದಕ್ಕೆ 'ಕೈಲಾಗದವನು' ಎಂದೇ ಅರ್ಥ.

ಈ ಕಳಂಕ ತೊಳೆದುಕೊಳ್ಳಲು ನಾನು ಚಾಕು ಮಾಡುವ ವಿದ್ಯೆಗೆ ಕೈ ಹಾಕಿದೆ. (ನಮ್ಮೂರಲ್ಲಿ ಗಂಡಸರು ಒಂದೋ ಚಾಕು ಮಾಡುತ್ತಾರೆ, ಇಲ್ಲವೋ ಮಾಡುವವರ ಗ್ಯಾರೇಜಿನಲ್ಲಿ ಕೂತು ಸಲಹೆ ಕೊಡುತ್ತಾರೆ.) ಅಂಗಡಿಯಿಂದ ತೆಳು ಉಕ್ಕಿನ ಪಟ್ಟಿ ತಂದು, ಆಕಾರ ಕೊಟ್ಟು, ಹಿಡಿ ಕೂರಿಸಿ ಮಾವನ ಮುಂದೆ ಇಟ್ಟೆ. ಅವರು ತಿರುಗಿಸಿ ನೋಡಿದರು.

"ಮೇಷ್ಟ್ರೇ, ಇದು ಚಾಕು ಮಾಡೋದಲ್ಲ. ಹಿಟ್ಟು ಲಟ್ಟಿಸಿ ಕೊಟ್ಟಿದ್ದಾರೆ, ನೀವು ಬಿಸ್ಕತ್ತು ಕತ್ತರಿಸಿದ್ದೀರಿ."

ಮರುವಾರ ತಮ್ಮ ಕೊಟ್ಟಿಗೆ ಬಾಗಿಲಿಗೆ ಒತ್ತಿಡುತ್ತಿದ್ದ ಉಕ್ಕಿನ ದಿಮ್ಮಿಯೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ಯಾವುದೋ ಗಣಿಯ ಯಂತ್ರದಲ್ಲಿ ದುಡಿದು ನಿವೃತ್ತಿಯಾದ ಮಾಲು. ನಾಲ್ಕು ಬೆರಳು ದಪ್ಪ.

"ಇದನ್ನ ಸೀಳಿ ಪಟ್ಟಿ ಮಾಡಿ. ಅದರಿಂದ ನನಗೊಂದು ಬಿಲ್ಟಾಂಗ್ ಕುಯ್ಯೋ ಚಾಕು ಮಾಡಿ. ಆಗ ನೋಡೋಣ."

ಒಣಮಾಂಸ ಕುಯ್ಯಲು ಮನುಷ್ಯನಿಗೆ ಇಷ್ಟು ದೊಡ್ಡ ಪರೀಕ್ಷೆ ಒಡ್ಡಬೇಕೇ? ನನ್ನ ಹೆಂಡತಿ ರಿನೆಟ್ ಮಾತ್ರ ದಿಮ್ಮಿಯನ್ನಲ್ಲ, ಮೇಜಿನ ಮೇಲೆ ಬಿದ್ದ ಗೀರನ್ನು ನೋಡುತ್ತಿದ್ದಳು.

ಕೈಗರಗಸದಿಂದ ಯುದ್ಧಾರಂಭವಾಯಿತು. ಕಾಲು ಗಂಟೆಯಲ್ಲಿ ಗರಗಸದ ಹಲ್ಲೆಲ್ಲ ಉದುರಿ ಬೊಚ್ಚಾಯಿತು. ಉಕ್ಕಿಗೆ ಮಾತ್ರ ಒಳ್ಳೆಯ ಹೊಳಪು ಬಂತು. ಗ್ರೈಂಡರ್ ಹಿಡಿದೆ. ಕಿಡಿಗಳು ಹಾರಿ ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಯಲ್ಲಿ ಸಮಸ್ತ ನಕ್ಷತ್ರಮಂಡಲವೇ ಮೂಡಿತು. ಪಕ್ಕದ ಮನೆಯವನ ಪಟ್ಟಿಗರಗಸದ ಯಂತ್ರ ಎರವಲು ತಂದೆ. ಅದು ಒಮ್ಮೆ ಕಿರುಚಿ ತನ್ನ ಬ್ಲೇಡನ್ನು ಕಳೆದುಕೊಂಡು ಮೌನವಾಯಿತು.

"ಸ್ವಾಮಿಗಳೇ," ಎಂದಳು ರಿನೆಟ್. (ಅವಳು ನನಗೆ ಬಹುವಚನ ಕೊಟ್ಟರೆ ನಾನು ಹಿಂದೆ ಸರಿಯುತ್ತೇನೆ.) "ನಮ್ಮಪ್ಪನ ಹತ್ರ ಸೋತೆ ಅಂತ ಹೇಳಿಬಿಡಿ. ನನಗೆ ಬೇರೆ ಹಾಸಿಗೆ ಬಟ್ಟೆ ಇಲ್ಲ."

"ಸೋಲೋದಾ? ಅದು ಗಟ್ಟಿ ಮಾಡಿದ ಉಕ್ಕು ಕಣೇ. ಕೆಂಪಗೆ ಕಾಯಿಸಿ, ಬೂದೀಲಿ ಹೂತಿಟ್ಟು, ರಾತ್ರಿಯೆಲ್ಲ ನಿಧಾನಕ್ಕೆ ಆರಿಸಿದ್ರೆ ಮೆತ್ತಗಾಗುತ್ತೆ."

"ನಮ್ಮಪ್ಪನಾ?"

"ಉಕ್ಕು!"

ಅಷ್ಟು ದೊಡ್ಡ ಬೆಂಕಿ ಎಲ್ಲಿದೆ? ಒಂದೇ ಕಡೆ: ಭಾನುವಾರ ನಮ್ಮ ಹಿತ್ತಲಿನ ಬ್ರಾಯ್, ಅಂದರೆ ಮಾಂಸ ಸುಡುವ ಬೆಂಕಿ. ಚರ್ಚು ಮುಗಿಸಿ ಮಾವನ ಕಡೆಯವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಮಾವ ಬಟ್ಟೆಯಲ್ಲಿ ಸುತ್ತಿದ ತಮ್ಮ ಇಕ್ಕಳ ತೆಗೆದು, ಬೆಂಕಿ ಹಚ್ಚಿ, ಮಾಂಸ ಸುಡುತ್ತಾರೆ. ನಾನು ನೆರಳಲ್ಲಿ ಕುರ್ಚಿ ಹಾಕಿಕೊಂಡು ತಣ್ಣನೆ ಬಿಯರ್ ಕುಡಿಯುತ್ತೇನೆ. ಬೆಂಕಿ ಹಚ್ಚಿದವನದೇ ಬೆಂಕಿ. ಬೇರೆಯವರು ಅದಕ್ಕೆ ಒಂದು ಕಡ್ಡಿ ಹಾಕುವಂತಿಲ್ಲ, ಕೆದಕುವಂತಿಲ್ಲ, ಸುಟ್ಟ ಮಾಂಸಕ್ಕೆ ಹೆಸರಿಡುವಂತಿಲ್ಲ. ಈ ನಿಯಮ ಮುರಿದು ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮೂರಲ್ಲಿವೆ.

ಆ ಭಾನುವಾರ ನಾನು ತಲೆನೋವೆಂದು ಚರ್ಚಿಗೆ ಚಕ್ಕರ್ ಹೊಡೆದೆ. ಮುಳ್ಳುಜಾಲಿ ಕೊರಡು ಪೇರಿಸಿ ನಾನೇ ಬೆಂಕಿ ಹಚ್ಚಿದೆ. ದಿಮ್ಮಿಯನ್ನು ಕೆಂಡದ ಹೊಟ್ಟೆಯಲ್ಲಿ ಇಳಿಸಿ, ತಿದಿಯ ಬದಲು ರಿನೆಟ್‌ಳ ಹೇರ್ ಡ್ರೈಯರ್ ಹಿಡಿದು ಊದಿದೆ.

ಮಾವ ಇಕ್ಕಳ ಹಿಡಿದು ಹಿತ್ತಲಿಗೆ ಬಂದು ನಿಂತುಬಿಟ್ಟರು.

"ಯಾರು ಹಚ್ಚಿದ್ದು?"

"ನಾನು, ಮಾವ."

ಅವರು ಇಕ್ಕಳವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಹೋಗಿ ನನ್ನ ಕುರ್ಚಿಯಲ್ಲಿ ಕೂತರು. ರಿನೆಟ್ ನನ್ನ ಕೈಲಿದ್ದ ಹೇರ್ ಡ್ರೈಯರ್ ನೋಡಿ ಬಾಯಿ ತೆರೆದಳು. ಅಪ್ಪನ ಮುಖ ನೋಡಿ ಮುಚ್ಚಿದಳು.

ಅಂದಿನ ಮಾಂಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಕ್ಕು ಕೆಂಪಾಗುವ ಕಾವಿನಲ್ಲಿ ಕುರಿ ಬದುಕೀತೇ? ಹೊರಗೆ ಇದ್ದಿಲು, ಒಳಗೆ ಹಸಿ, ಮೇಲೆ ಹೇರ್ ಡ್ರೈಯರ್ ಹಾರಿಸಿದ ಬೂದಿ. ಇಡೀ ಕುಟುಂಬ ಮರ್ಯಾದೆಯಿಂದ ಅಗಿಯಿತು. ಮಾವ ಬಹಳ ಹೊತ್ತು ಅಗಿದು, "ಬೆಂಕಿ ಚೆನ್ನಾಗಿ ಬಿಸಿ ಇದೆ," ಎಂದರು.

ಊಟ ಮುಗಿದ ಮೇಲೆ ದಿಮ್ಮಿಯನ್ನು ಬೂದಿಯಲ್ಲಿ ಹೂತೆ. ಕೈ ತೊಳೆದು ಬರುವಷ್ಟರಲ್ಲಿ ಮಾವ ಒಂದು ಕೈಯಲ್ಲಿ ಸುಡಲು ತಂದ ಗೆಣಸಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಸಲಿಕೆ ಹಿಡಿದು ಬೂದಿಯತ್ತ ಬಗ್ಗಿದ್ದಾರೆ!

ಈಗ ಬೂದಿ ಕೆದಕಿ ಗಾಳಿ ತಾಗಿದರೆ ಉಕ್ಕು ಮತ್ತೆ ಗಟ್ಟಿ. ನನ್ನ ಹೆಸರು ಮತ್ತೆ ಮೇಷ್ಟ್ರು. ಎಲ್ಲಿತ್ತೋ ಧೈರ್ಯ!

"ಮಾವ, ಮುಟ್ಟಬೇಡಿ! ಅದು ನನ್ನ ಬೆಂಕಿ!"

ಚಿಕ್ಕಮ್ಮನೊಬ್ಬಳ ಕೈಯಿಂದ ಚಮಚ ಜಾರಿತು. ಮಾವ ನಿಧಾನಕ್ಕೆ ನೆಟ್ಟಗಾದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು, ಸಲಿಕೆಯನ್ನು ಗೋಡೆಗೆ ಒರಗಿಸಿ, ಗೆಣಸಿನ ಸಮೇತ ತಮ್ಮ ಮನೆಗೆ ಹೋದರು.

"ಮುಗೀತು," ಎಂದಳು ರಿನೆಟ್. "ಇನ್ನು ಮೇಷ್ಟ್ರು ಅಂತಾನೂ ಕರೆಯಲ್ಲ."

ಮರುದಿನ ಶಾಲೆಗೆ ರಜೆ. ಹೊಸ ಬ್ಲೇಡ್ ಹಾಕಿ, ಬೂದಿಯಿಂದ ತೆಗೆದ ದಿಮ್ಮಿಯನ್ನು ಯಂತ್ರಕ್ಕೆ ಕಚ್ಚಿಸಿದೆ. ನಾನು ಒತ್ತುತ್ತಿದ್ದೆ, ರಿನೆಟ್ ಎಣ್ಣೆ ಹನಿಸುತ್ತಿದ್ದಳು.

"ಒತ್ತಬೇಡ ಲೋರೆನ್ಸ್, ಗೆರೆ ಸೊಟ್ಟ ಹೋಗ್ತಿದೆ. ಅದರ ಭಾರಕ್ಕೆ ಅದೇ ಇಳೀಲಿ."

"ಚಾಕು ಮಾಡೋನು ನಾನೋ ನೀನೋ?"

"ಹಾಸಿಗೆ ಬಟ್ಟೆ ಕಳಕೊಂಡವಳು ನಾನು."

ಕೈ ತೆಗೆದೆ. ಗರಗಸ ಗೊಣಗುತ್ತಾ ನೇರವಾಗಿ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಠಣ್! ತೆಳ್ಳಗಿನ ಪಟ್ಟಿಯೊಂದು ನೆಲಕ್ಕೆ ಬಿತ್ತು. ಹಪ್ಪಳದಂತೆ ಒಂದೇ ಸಮ! ನಾನು ಕುಣಿದೆ. ರಿನೆಟ್ ಎಣ್ಣೆ ಡಬ್ಬಿ ಹಿಡಿದೇ ಕುಣಿದಳು. ಸಂಜೆಗೆ ನಾಲ್ಕು ಪಟ್ಟಿಗಳು. ಆ ರಾತ್ರಿ ನಾನು ಚಕ್ರವರ್ತಿಯಂತೆ ನಿದ್ದೆ ಮಾಡಿದೆ, ನಕ್ಷತ್ರಗಳಿದ್ದ ಹಾಸಿಗೆ ಬಟ್ಟೆಯ ಮೇಲೆ.

ಮುಂದಿನ ಭಾನುವಾರ ಮಾವ ಬಂದರು. (ಬಂದರಲ್ಲ, ಅದೇ ದೊಡ್ಡದು.) ನಾಲ್ಕು ಪಟ್ಟಿಗಳನ್ನು ಮುಂದಿಟ್ಟೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದರು, ಅಂಚಿನ ಮೇಲೆ ಉಗುರು ಓಡಿಸಿದರು.

"ಲೋರೆನ್ಸ್," ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿ! ನನ್ನ ಕಣ್ಣಲ್ಲಿ ನೀರು ತುಂಬಿತು.

"ಉಕ್ಕು ಸೀಳೋರು ಬೇಕಾದಷ್ಟು ಜನ ಸಿಗ್ತಾರೆ. ಆದ್ರೆ ನನ್ನ ಮುಖಕ್ಕೇ ಬೆಂಕಿ ಮುಟ್ಟಬೇಡ ಅಂದ ಗಂಡಸು ಈ ಮನೇಲಿ ನೀನೊಬ್ಬನೇ. ಹೊಗೆ ಕುಡಿದು ಕುಡಿದು ನನಗೂ ಸಾಕಾಗಿದೆ. ತಗೋ."

ಬಟ್ಟೆ ಬಿಚ್ಚಿ ಇಕ್ಕಳವನ್ನು ನನ್ನ ಎರಡೂ ಕೈಗೆ ಒಪ್ಪಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಎದೆಯುಬ್ಬಿಸಿ ತೆಗೆದುಕೊಂಡೆ. ಆ ಇಕ್ಕಳದ ನಿಜವಾದ ಅರ್ಥ ತಿಳಿದದ್ದು ಮರುವಾರ.

ಈಗ ಪ್ರತಿ ಭಾನುವಾರ ಸುಡುಬಿಸಿಲಲ್ಲಿ ಮಾವನ ಕಡೆಯ ಅಷ್ಟೂ ಜನಕ್ಕೆ ಮಾಂಸ ಸುಡುವವನು ನಾನು. ಶನಿವಾರ ಸೌದೆ ಒಡೆಯುತ್ತೇನೆ, ಸೋಮವಾರ ಬೂದಿ ಬಾಚುತ್ತೇನೆ. ರಿನೆಟ್ ಹೊಸ ಹೇರ್ ಡ್ರೈಯರ್ ಕೊಂಡು ಹಳೆಯದನ್ನು ನನ್ನ ಹುಟ್ಟುಹಬ್ಬಕ್ಕೆ ಕಾಗದ ಸುತ್ತಿ ಕೊಟ್ಟಳು. ಮಾಂಸ ಕರಕಲಾಗುತ್ತದೆಂದು ಜಾಲರಿಯನ್ನು ಎತ್ತರಿಸಲು ನನ್ನ ನಾಲ್ಕೂ ಪಟ್ಟಿಗಳನ್ನು ಮೂಲೆಗೊಂದರಂತೆ ಕೆಳಗೆ ನಿಲ್ಲಿಸಿದವಳೂ ಅವಳೇ. ಎತ್ತರ ಸರಿಯಾಗಿ ಒಪ್ಪುತ್ತದಂತೆ.

ಮಾವ ನೆರಳಲ್ಲಿ ನನ್ನ ಕುರ್ಚಿಯಲ್ಲಿ, ನನ್ನ ಬಿಯರ್ ಹಿಡಿದು ಕೂರುತ್ತಾರೆ. ಬಾಯ್ತುಂಬ ಹೆಸರು ಹಿಡಿದು ಕರೆಯುತ್ತಾರೆ.

"ಲೋರೆನ್ಸ್, ಹೊಗೆ ಈ ಕಡೆ ಬರ್ತಿದೆ! ಲೋರೆನ್ಸ್, ಉಪ್ಪು ಹಾಕಿದ್ಯಾ? ಲೋರೆನ್ಸ್, ನನ್ನ ಚಾಕು ಎಲ್ಲಿಗೆ ಬಂತು?"

"ಇಲ್ಲೇ ಇದೆ ಮಾವ," ಎನ್ನುತ್ತೇನೆ, ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮ ಮಾಂಸದ ಕೆಳಗೆ."