ಅಕ್ಕನಿಗೆ ಗಂಡು ನೋಡಿದ ಅಪ್ಪ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಸೂತ್ರವಾಗಿ ನಡೆದದ್ದಿಲ್ಲ. ನಡೆದಿದ್ದರೆ ನನಗೆ ಈಗ ಹೇಳಲು ಏನೂ ಇರುತ್ತಿರಲಿಲ್ಲ, ಆ ಮಾತು ಬೇರೆ. ಇದಕ್ಕೆಲ್ಲ ಮೂಲ ನಮ್ಮಪ್ಪ. ಬ್ರಿಟಿಷರ ಕಾಲದಲ್ಲಿ ರೈಲು ಸ್ಟೇಷನ್ನಿನಿಂದ ಗೋಕಾಕ ಫಾಲ್ಸಿನ ಗಿರಣಿಗೆ ಹತ್ತಿ ಅಂಡಿಗೆ ಸಾಗಿಸುವ ಚಕ್ಕಡಿ ಅವನದು. ಕೂತಲ್ಲಿ ಕೂಡುವ ಜೀವವೇ ಅಲ್ಲ. ಉಣ್ಣುವಾಗಲೂ ಎರಡು ತುತ್ತಿನ ನಡುವೆ ಎದ್ದು ಎತ್ತುಗಳನ್ನು ನೋಡಿ ಬರಬೇಕು. ಅವ್ವ ರೊಟ್ಟಿ ಹಿಡಿದುಕೊಂಡು ಅವನ ಹಿಂದೆ ತಿರುಗುತ್ತಿದ್ದಳು.

ಅಕ್ಕನ ಲಗ್ನದ ಮಾತು ಬಂದ ಮೇಲಂತೂ ಅವನ ಚಡಪಡಿಕೆ ಹೇಳತೀರದು. ಅಕ್ಕ ಅಂದರೆ ಅವನಿಗೆ ಪ್ರಾಣ. ಮಗಳ ಲಗ್ನ ಆಗಬೇಕು, ಆದರೆ ಮಗಳು ಮನೆ ಬಿಟ್ಟು ಹೋಗಬಾರದು. ಇಂಥ ಬೇಡಿಕೆ ಇಟ್ಟುಕೊಂಡವನು ಗಂಡು ನೋಡಲು ಹೊರಟರೆ ಏನಾಗುತ್ತದೋ ಅದೆಲ್ಲ ಆಯಿತು.

ಮೂಡಲಗಿಯ ಬಾವಿ

ಮೊದಲು ಬಂದದ್ದು ಮೂಡಲಗಿಯ ಸಂಬಂಧ. ಮನೆ ನೋಡಿಕೊಂಡು ಬರಲು ಅಪ್ಪ ತನ್ನ ಗೆಳೆಯನನ್ನು ಕರೆದುಕೊಂಡು ಹೋದ. ಈ ಗೆಳೆಯ ನಮ್ಮ ಓಣಿಯ ಪಿಂಜಾರ ಕಾಕಾ, ಹತ್ತಿ ಹಿಂಜಿ ಗಾದಿ ತುಂಬುವ ಮುಸಲ್ಮಾನ. ಅವನಿಲ್ಲದೆ ಅಪ್ಪ ಸಂತೆಗೂ ಹೋಗುತ್ತಿರಲಿಲ್ಲ.

ಅಲ್ಲಿ ಬೀಗರು ಚಹಾ ಕೊಡುವಷ್ಟರಲ್ಲಿ ಅಪ್ಪ ಮಾಯ! ಹುಡುಕಿದರೆ, ಹೆಗಲ ಮೇಲೆ ಅವರದೇ ತುಂಬಿದ ಕೊಡ ಹೊತ್ತು, ಬೆವರು ಸುರಿಸುತ್ತ ಅಗಸಿ ಬಾಗಿಲಲ್ಲಿ ಬರುತ್ತಿದ್ದಾನೆ.

ಬೀಗರು ಗಾಬರಿಯಾಗಿ, "ಏನ್ರಿ ಇದು? ನೀವ್ಯಾಕ ನೀರ ಹೊತ್ರಿ?" ಎಂದರು.

"ನಾಳೆ ನನ್ನ ಮಗಳು ಹೊರಬೇಕಲ್ರಿ. ನೋಡಿದೆ. ಬಾವಿ ಭಾಳ ದೂರ ಐತಿ. ಈ ಸಂಬಂಧ ನಮಗ ಒಗ್ಗೂದಿಲ್ಲ," ಎಂದು ಕೊಡ ಇಳಿಸಿ, ರುಮಾಲು ಸುತ್ತಿಕೊಂಡು ಹೊರಟೇಬಿಟ್ಟ.

ಕಾಕಾ ಹಿಂದಿನಿಂದ ಓಡಿ ಬಂದು ಅವನ ತೋಳು ಹಿಡಿದ. "ಏ ಪುಣ್ಯಾತ್ಮಾ, ಅದು ದನದ ಬಾವಿ! ಕುಡಿಯೂ ನೀರಿನ ಬಾವಿ ಅವ್ರ ಹಿತ್ತಲದಾಗ ಐತಿ!"

ಅಪ್ಪ ನಡಿಗೆ ನಿಲ್ಲಿಸಲಿಲ್ಲ. "ಹಿತ್ತಲದಾಗ ಬಾವಿ ಐತಿ? ಹಂಗಾರ ಮೊದಲ ಬ್ಯಾಡ. ಹುಡುಗಿ ಜಾರಿ ಬಿದ್ರ ಏನ ಮಾಡ್ತಿ?"

ಗಾದಿ ಪರೀಕ್ಷೆ

ಇವನನ್ನು ಕಳಿಸಿದರೆ ಕೆಲಸ ಕೆಡುತ್ತದೆಂದು ಅವ್ವನಿಗೆ ಖಾತ್ರಿಯಾಯಿತು. ಸಂಕೇಶ್ವರದ ಗಂಡು ನೋಡಲು ಕಾಕಾನೊಬ್ಬನನ್ನೇ ಕಳಿಸಿದಳು. ಕಾಕಾ ಜಾಣ. ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು, ಗಾದಿ ಹಿಂಜುವವನಾಗಿ ಆ ಮನೆ ಹೊಕ್ಕು, ಇಡೀ ದಿನ ಅಲ್ಲೇ ಕೂತು ಎಲ್ಲ ತಿಳಿದುಕೊಂಡು ಬಂದ.

"ವೈನಿ, ಹುಡುಗ ಬಂಗಾರದಂಥಾವ," ಎಂದು ಅವ್ವನಿಗೆ ಹೇಳಿದ. "ಅವನ ಗಾದಿ ನಾನ ಬಿಚ್ಚಿದೆ. ನಡುವ ತಗ್ಗ ಬಿದ್ದಿಲ್ಲ. ಹಾಸಗ್ಯಾಗ ಬಿದ್ದಿರೂ ಪೈಕಿ ಅಲ್ಲ, ದುಡ್ಯಾಂವ."

ಅಪ್ಪ ಪಡಸಾಲೆಯಲ್ಲಿ ಆ ಕಡೆ ಈ ಕಡೆ ತಿರುಗುತ್ತಿದ್ದವನು ನಿಂತ. "ನಿದ್ದಿ ಮಾಡೂದಿಲ್ಲಂದ್ರ ಸಿಟ್ಟಿನ ಮನಶಾನ ಇರಬೇಕು. ಬ್ಯಾಡ."

"ತಗ್ಗ ಬಿದ್ದಿದ್ರ?"

"ಮೈಗಳ್ಳ."

ಕಾಕಾನಿಗೆ ರೇಗಿತು. "ಹಂಗಾರ ಗಾದೀನ ಇಲ್ಲದ ಗಂಡು ಹುಡುಕೂಣೇನು?"

ಅಪ್ಪ ನಿಜಕ್ಕೂ ವಿಚಾರ ಮಾಡಿದ. ಆಮೇಲೆ ತಲೆ ಅಲ್ಲಾಡಿಸಿದ. "ಬಡವ ಆಗ್ತಾನ."

ಒಳಗೆ ಅಕ್ಕ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅವ್ವ ಮಾತ್ರ ನಗಲಿಲ್ಲ. ಅಕ್ಕನ ವಾರಿಗೆಯ ಹುಡುಗಿಯರೆಲ್ಲ ಗಂಡನ ಮನೆ ಸೇರಿದ್ದರು. ಇನ್ನೂ ತಡವಾದರೆ ಯಾರೂ ಕೇಳಿಕೊಂಡು ಬರುವುದಿಲ್ಲವೆಂಬ ಹೆದರಿಕೆ ಅವಳಿಗೆ.

ಮುಗಿಯದ ಪೂಜೆ

ಅಪ್ಪ ಅಲ್ಲಾಡದೆ ಕೂಡುತ್ತಿದ್ದುದು ಲಿಂಗಪೂಜೆಗೆ ಮಾತ್ರ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟನೆಂದರೆ ಅವನು ನಮ್ಮ ಅಪ್ಪ ಹೌದೋ ಅಲ್ಲವೋ ಅನ್ನಿಸುತ್ತಿತ್ತು. ಅವನ ಭಕ್ತಿ ಖರೆ, ಅದರಲ್ಲಿ ಎರಡು ಮಾತಿಲ್ಲ. ಒಂದೇ ಒಂದು ದಿನ ಅದರಲ್ಲಿ ಸ್ವಲ್ಪ ಬೆರಕೆಯಾಯಿತು.

ಆ ದಿನ ಬೆಳಿಗ್ಗೆ ಹುಕ್ಕೇರಿಯವರು ಹೆಣ್ಣು ನೋಡಲು ಬಂದರು. ಅಪ್ಪ ಕಿಟಕಿಯಿಂದ ಇಣುಕಿದ. ಹುಡುಗ ಲಕ್ಷಣವಾಗಿದ್ದಾನೆ, ಮಾತು ಮೆತ್ತಗೆ, ಹಿರಿಯರ ಹಣೆಯಲ್ಲಿ ವಿಭೂತಿ. ತೆಗೆದುಹಾಕಲು ಒಂದು ಕುಂದೂ ಸಿಗಲಿಲ್ಲ. ಸೀದಾ ಪೂಜೆಗೆ ಹೋಗಿ ಕೂತ. ಬಂದವರು ಕಾದು ಕಾದು ಬೇಸತ್ತು ಎದ್ದು ಹೋಗಲಿ ಎಂಬ ಲೆಕ್ಕಾಚಾರ.

ಹೊತ್ತೇರಿತು. ಅವ್ವ ಬಾಗಿಲಲ್ಲಿ ನಿಂತು ಕೆಮ್ಮಿದಳು. ಹೊರಗೆ ಕಾಕಾ ತನಗೆ ಗೊತ್ತಿದ್ದ ಮಾತನ್ನೆಲ್ಲ ಆಡಿ ಮುಗಿಸಿ, ಹಿತ್ತಲಿಗೆ ಬಂದು ಕಿಟಕಿಯಲ್ಲಿ ಮುಖ ತೂರಿಸಿದ. ಅಪ್ಪ ಒಂದು ಕಣ್ಣು ಎತ್ತಿ, ಹೋದರೇನು ಎಂದು ಹುಬ್ಬಿನಲ್ಲೇ ಕೇಳಿದ. ಕಾಕಾ ಇಲ್ಲವೆಂದು ತಲೆ ಅಲ್ಲಾಡಿಸಿದ. ಕಣ್ಣು ಮತ್ತೆ ಇಳಿಯಿತು.

ಕೊನೆಗೆ ಹಸಿವು ತಾಳದೆ ಎದ್ದು ಬಂದ. ಅವನನ್ನು ನೋಡಿದ್ದೇ ಹುಡುಗನ ತಂದೆ ಎದ್ದು ನಿಂತು ಕೈ ಮುಗಿದರು. ಅವರ ಕಣ್ಣಲ್ಲಿ ನೀರು! "ಇಂಥಾ ನಿಷ್ಠಾ ನಾ ಎಲ್ಲೂ ಕಂಡಿಲ್ರಿ. ಮತ್ತೇನೂ ಕೇಳೂದಿಲ್ಲ. ಈ ಮನಿ ಹೆಣ್ಣ ನಮಗ ಬೇಕು," ಎಂದು, ಸಂಬಂಧ ಗಟ್ಟಿಯಾಯಿತೆಂಬಂತೆ ಅಪ್ಪನ ಬಾಯಿಗೆ ಸಕ್ಕರೆ ಹಾಕಿಯೇಬಿಟ್ಟರು. ಉಗುಳುವ ಹಾಗಿಲ್ಲ, ನುಂಗುವ ಮನಸ್ಸಿಲ್ಲ.

ಅವರು ಹೋದ ಮೇಲೆ ಕಾಕಾ, "ಇನ್ನೊಂದು ತಾಸು ಕುಂತಿದ್ರ, ಅವ್ರ ಸಣ್ಣ ಮಗನ್ನೂ ನಿನ್ನ ಸಣ್ಣ ಮಗಳಿಗೆ ಕೊಟ್ಟು ಹೋಗ್ತಿದ್ರು ನೋಡು," ಎಂದ. ಆ ಸಣ್ಣ ಮಗಳು ನಾನೇ. ನನಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು.

ಗಿರಣಿಯ ಭೋಂಗಾ

ಲಗ್ನವಾಯಿತು. ಕಳಿಸಿಕೊಡುವ ಹೊತ್ತು ಬಂದಾಗ ಅಪ್ಪ ಹಟ ಹಿಡಿದ. ಬೀಗರ ಗಾಡಿ ಬೇಡ, ಮಗಳು ನನ್ನ ಗಾಡಿಯಲ್ಲೇ ಹೋಗಬೇಕು, ನಾನೇ ಹೊಡೆಯುತ್ತೇನೆ ಎಂದ. ಚಕ್ಕಡಿಗೆ ಕಮಾನು ಕಟ್ಟಿ, ಸೀರೆ ಮರೆ ಮಾಡಿದರು. ಒಳಗೆ ಅಕ್ಕ, ಭಾವ, ಅಕ್ಕನ ಜೊತೆಗೆಂದು ನಾನು, ಮತ್ತು ಭಾವನ ಮುದಿ ಸೋದರತ್ತೆ. ಉಳಿದ ಗಾಡಿಗಳು ಮುಂದೆ ಹೋದವು. ಅಪ್ಪ ಮುಂದೆ ಕೂತು ಬಿಕ್ಕುತ್ತಿದ್ದ, ಅಕ್ಕ ಒಳಗೆ ಬಿಕ್ಕುತ್ತಿದ್ದಳು. ಅತ್ತೆ ಲಗ್ನದ ಹೋಳಿಗೆಯ ಭಾರಕ್ಕೆ ಗೊರಕೆ ಹೊಡೆಯುತ್ತಿದ್ದಳು.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಗಿರಣಿಯ ಸಂಜೆಯ ಭೋಂಗಾ, ಕೆಲಸ ಬಿಡುವ ಹೊತ್ತಿನ ಸೀಟಿ, ಕೂಗಿತು. ನಮ್ಮ ಎತ್ತುಗಳು ವರ್ಷಗಟ್ಟಲೆ ಆ ಭೋಂಗಾ ಕೇಳಿದೊಡನೆ ಕೆಲಸ ಮುಗಿಯಿತೆಂದು ಮನೆ ಕಡೆ ಹೊರಳಿದಂಥವು. ಆ ದಿನವೂ ಹೊರಳಿದವು. ಗಾಡಿ ತಿರುಗಿದ್ದು ನನಗೆ ಗೊತ್ತಾಯಿತು. ಆದರೆ ಹುಕ್ಕೇರಿ ಯಾವ ಕಡೆಗಿದೆಯೆಂದು ನನಗೇನು ಗೊತ್ತು?

ಗಾಡಿ ನಿಂತಾಗ ಮುಚ್ಚಂಜೆ. ಅತ್ತೆ ಗಡಬಡಿಸಿ ಎದ್ದಳು. "ಬಂತು ಊರು! ಬಲಗಾಲ ಮುಂದಿಟ್ಟ ಇಳಿಯವ್ವಾ. ಏ ಯಾರದೀರಿ ಒಳಗ? ಸೊಸಿ ಬಂದಾಳ, ಆರತಿ ತರ್ರಿ!"

ದೇವರ ಮುಂದೆ ದೀಪ ಹಚ್ಚುತ್ತಿದ್ದ ಅವ್ವ, ದೀಪ ಹಿಡಿದುಕೊಂಡೇ ಹೊರಗೆ ಬಂದಳು. ಅಕ್ಕ ಸೆರಗು ಸರಿಸಿ ನೋಡಿ, "ಅವ್ವಾ!" ಎಂದು ಓಡಿ ಅವಳನ್ನು ತಬ್ಬಿಕೊಂಡಳು.

ಅತ್ತೆಗೆ ಭಾಳ ಸಂತೋಷವಾಯಿತು. "ನೋಡ್ರಿ, ಬಂದ ಕೂಡಲೇ ಅತ್ತಿಗಿ ಅವ್ವಾ ಅಂತಾಳ! ಎಷ್ಟ ಚಲೋ ಹುಡುಗಿ!"

ಆಮೇಲೆ ಕಣ್ಣು ಉಜ್ಜಿಕೊಂಡು ಮನೆ ನೋಡಿದಳು, ಅವ್ವನನ್ನು ನೋಡಿದಳು, ಎದೆ ಎದೆ ಬಡಿದುಕೊಂಡಳು. ಕಳಿಸಿಕೊಟ್ಟ ಹೆಣ್ಣು ಅದೇ ದಿನ ತಿರುಗಿ ತವರಿಗೆ ಬರುವುದೇ! ಇಂಥ ಅಪಶಕುನದ ಸಂಬಂಧ ನಮಗೆ ಬೇಡವೇ ಬೇಡವೆಂದು ಕೂಗಾಡಿದಳು. ಅಕ್ಕನ ಮುಖ ಬಿಳಚಿಕೊಂಡಿತು. ನನಗೂ ಅಳು ಬಂತು. ಇಷ್ಟು ಕಷ್ಟಪಟ್ಟು ಆದ ಲಗ್ನ ಅಂಗಳದಲ್ಲೇ ಮುರಿಯುವ ಹಾಗಿತ್ತು.

ಬೀಗರಿಗೆ ಹಾಸಿದ್ದ ಗಾದಿ ಸುತ್ತುತ್ತಿದ್ದ ಕಾಕಾ ಓಡಿ ಬಂದ. "ಸಮಾಧಾನ ಮಾಡ್ಕೋರಿ ಅತ್ತಿ. ಹೆಣ್ಣ ತಿರುಗಿ ಬಂದಿಲ್ಲ, ಗಂಡ ಮನಿ ತುಂಬ್ಯಾನ! ಮುಂಜಾನೆ ನಾನ ಗಾಡಿ ಹೊಡದು ಹುಕ್ಕೇರಿ ಮುಟ್ಟಸ್ತೇನಿ." ಭಾವ ತಡೆಯಲಾರದೆ ನಕ್ಕುಬಿಟ್ಟ. ಅವನು ನಕ್ಕ ಮೇಲೆ ಅಕ್ಕನ ಜೀವಕ್ಕೆ ಜೀವ ಬಂತು.

ಅತ್ತೆ ಮಾತ್ರ ಅಪ್ಪನನ್ನು ಬಿಡಲಿಲ್ಲ. "ಎತ್ತು ಹೊರಳಿದ್ದು ನಿಮಗ ತಿಳೀಲಿಲ್ಲೇನ್ರಿ?"

ಅಪ್ಪ ಇನ್ನೂ ಗಾಡಿಯ ಮುಂದಿನ ಮೂಕಿಯ ಮೇಲೇ ಕೂತಿದ್ದ. ರುಮಾಲಿನಿಂದ ಕಣ್ಣು ಒರೆಸಿಕೊಂಡ. "ತಿಳೀತ್ರಿ."

"ಮತ್ತ ಯಾಕ ಸುಮ್ಮನ ಕುಂತ್ರಿ?"

"ಏನ ಮಾಡ್ಲಿ ಅತ್ತಿ," ಎಂದ ಅಪ್ಪ, "ಅವು ಎರಡು, ನಾ ಒಬ್ಬ. ನನ್ನ ಮಾತ ಎಲ್ಲಿ ನಡೀತೈತ್ರಿ?"